ಜಗುಲಿಯಿಂದ ಮೆತ್ತಿಗೆ ಎಷ್ಟು ದೂರ?

"ಮಾವಾ, ಕಳ್ಸಿದ್ದಿ, ಬಂತನಾ?" ಮೆತ್ತಿನ ಮೇಲಿಂದ ಅಳಿಯನ ಕೂಗು.

"ಇಲ್ಲೆ ತಮಾ, ತಿರುಗ್ತಾನೇ ಇದ್ದು."

ಮಾವ ಅಂದರೆ ನಾನು. ಇಡಗುಂದಿಯ ಮನೆ, ಜೂನ್ ತಿಂಗಳ ಮಳೆ. ಇಬ್ಬರ ನಡುವೆ ಹದಿನಾಲ್ಕು ಮೆಟ್ಟಿಲು. ಕಳಿಸುತ್ತಿದ್ದದ್ದು ದೊಡ್ಡಪ್ಪ ಎಂದೋ ಆಟದಲ್ಲಿ ಕೂತು ಮುದ್ರಿಸಿಕೊಂಡಿದ್ದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ ಕಡತ. ತೊಂಬತ್ತು ನಿಮಿಷದ ಕ್ಯಾಸೆಟ್ಟು, ಧ್ವನಿ ಕೆಡಬಾರದೆಂದು ಕುಗ್ಗಿಸದೆ ಇಟ್ಟದ್ದರಿಂದ ಹೆಚ್ಚುಕಡಿಮೆ 900 ಎಂಬಿ. ಅದು ಮೆತ್ತಿನಿಂದ ಹೊರಟು, ಗುಡ್ಡದಾಚೆಯ ಟವರ್ ಹತ್ತಿ, ಯಾವ ಊರಿನದೋ ಸರ್ವರಿಗೆ ಹೋಗಿ, ಮತ್ತೆ ಅದೇ ದಾರಿಯಲ್ಲಿ ಜಗುಲಿಗೆ ಬರಬೇಕು. ಸೆಕೆಂಡಿಗೆ ಒಂದು ಮೆಗಾಬಿಟ್ ಸಿಕ್ಕರೆ ಹತ್ತಲಿಕ್ಕೇ ಎರಡು ತಾಸು. ನಮ್ಮ ರೂಟರಿಗೆ ಕೇಬಲ್ ಸಿಕ್ಕಿಸಿದ್ದರೆ ಒಂದೂವರೆ ನಿಮಿಷದ ಕೆಲಸ, ಬಹಳವೆಂದರೆ ಎರಡು.

ಇದನ್ನು ಹೇಳಿದರೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ನೆಟ್ ಇಲ್ದೇ ಹ್ಯಾಂಗೆ ಹೋಗ್ತು?" ಹೋಗುತ್ತದೆ. ಹೊರಗಿನ ತಂತಿ ಹರಿದುಬಿದ್ದರೂ ರೂಟರ್‌ಗೆ ಕರೆಂಟ್ ಇದ್ದರೆ ಸಾಕು. 192.168ರಿಂದ ಶುರುವಾಗುವ ವಿಳಾಸಗಳು ಮನೆಯೊಳಗಿನ ಬಳಕೆಗೇ ಮೀಸಲು. ನಮ್ಮಲ್ಲಿ ಮನೆಗೊಬ್ಬ 'ತಮ' ಇರುತ್ತಾನಲ್ಲ, ಹಾಗೆ. ಒಳಗೆ ಕೂಗಿದರೆ ಓಡಿಬರುತ್ತಾನೆ, ರಸ್ತೆಯಲ್ಲಿ ನಿಂತು ಕೂಗಿದರೆ ಯಾರ ಮನೆಯ ತಮ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಇಷ್ಟು ಸರಳವಾದದ್ದನ್ನು ಜನ ಮರೆತದ್ದು ಅವರ ದಡ್ಡತನದಿಂದ ಅಂತ ನನಗೆ ಅನ್ನಿಸುವುದಿಲ್ಲ. ಅವರು ಬಳಸುವ ತಂತ್ರಾಂಶವೇ ಮರೆಸಿದೆ. ವಿಂಡೋಸ್ ಎಕ್ಸ್‌ಪಿಯ ಮನೆ ಆವೃತ್ತಿಯಲ್ಲಿ ಎಲ್ಲ ಕಂಪ್ಯೂಟರುಗಳೂ ಎಂಎಸ್‌ಹೋಮ್ ಎಂಬ ಗುಂಪಿಗೆ ತಾವಾಗಿಯೇ ಸೇರುತ್ತಿದ್ದವು. 2009ರಲ್ಲಿ ವಿಂಡೋಸ್ 7 ಹೋಮ್‌ಗ್ರೂಪ್ ತಂದಿತು: ಇಡೀ ಮನೆಗೊಂದು ಪಾಸ್‌ವರ್ಡ್, ಅದನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಆಯಿತು. ಅದರ ತಕರಾರುಗಳು ಏನೇ ಇರಲಿ, ಮನೆ ಎಂಬುದೊಂದು ಘಟಕ ಎಂದು ಅದನ್ನು ಮಾಡಿದವರಿಗೆ ತಿಳಿದಿತ್ತು. 2018ರ ವಿಂಡೋಸ್ 10ರ ಪರಿಷ್ಕರಣೆಯಲ್ಲಿ ಅದನ್ನು ತೆಗೆದರು. ಬದಲಿಗೆ ತೋರಿಸಿದ ದಾರಿಗಳಲ್ಲಿ ಒನ್‌ಡ್ರೈವ್ ಒಂದು. ಅಂದರೆ ಮತ್ತೆ ಟವರ್ ಹತ್ತು!

ಹಳೆಯ ದಾರಿ ಮುಚ್ಚಿದ್ದಕ್ಕೆ ಕಾರಣ ಇರಲಿಲ್ಲವೆಂದಲ್ಲ. 2017ರ ಮೇನಲ್ಲಿ ವನ್ನಾಕ್ರೈ ಹಬ್ಬಿದ್ದು ಕಡತ ಹಂಚುವ ಎಸ್‌ಎಂಬಿಯ ಮೊದಲ ಆವೃತ್ತಿಯ ದೋಷ ಹಿಡಿದೇ. ಅದೇ ವರ್ಷದ ಅಕ್ಟೋಬರಿನಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಆ ಆವೃತ್ತಿಯ ಸರ್ವರ್ ಭಾಗ ತಾನಾಗಿ ಬರುತ್ತಿರಲಿಲ್ಲ. ಎಕ್ಸ್‌ಪಿಗೆ ಬರುವ ಭಾಷೆ ಅದೊಂದೇ, ಹಾಗಾಗಿ ಹಳೆಯ ಪೆಟ್ಟಿಗೆ ಹೊಸದರ ಪಾಲಿಗೆ ಮೂಕವಾಯಿತು. ನಾವೇನು ಕಡಿಮೆಯೇ? ಸಿ ಡ್ರೈವನ್ನೇ ಇಡಿಯಾಗಿ ಎಲ್ಲರಿಗೂ ತೆರೆದಿಟ್ಟು ನೆಮ್ಮದಿಯಾಗಿ ಮಲಗಿದವರು. ಮುಚ್ಚಿದ್ದು ಸರಿ. ಆದರೆ ಬಾಗಿಲು ಮುಚ್ಚಿದವರು ಪಕ್ಕದ ಬಾಗಿಲು ಎಲ್ಲಿದೆ ಎಂದು ಹೇಳಬೇಕಲ್ಲ!

ಪಕ್ಕದ ಬಾಗಿಲಲ್ಲಿ ನಿಂತರೆ ಬಳಕೆದಾರನ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಮನೆಯ ಕಂಪ್ಯೂಟರಿಗೆ ಪಾಸ್‌ವರ್ಡೇ ಇಲ್ಲ, ಏನು ಕೊಡುವುದು? ಖಾಲಿ ಬಿಟ್ಟು ಒತ್ತಿದರೆ ಒಳಗೆ ಬಿಡುವುದಿಲ್ಲ. ಪಾಸ್‌ವರ್ಡ್ ಇಲ್ಲದ ಖಾತೆಗೆ ಆ ಕಂಪ್ಯೂಟರಿನ ಎದುರು ಕೂತವರಿಗಷ್ಟೇ ಪ್ರವೇಶ, ಜಾಲದಿಂದ ಬಂದವರಿಗಿಲ್ಲ ಎಂಬ ನಿಯಮ ಒಳಗೆಲ್ಲೋ ಇದೆ. ಒಳ್ಳೆಯ ನಿಯಮವೇ. ಅದನ್ನು ಒಂದು ಸಾಲಿನಲ್ಲಿ ತೆರೆಯ ಮೇಲೆ ಬರೆದಿದ್ದರೆ ಎಷ್ಟು ಮನೆಗಳ ಎಷ್ಟು ಸಂಜೆ ಉಳಿಯುತ್ತಿತ್ತೋ. ಕಡತ ಇರುವ ಯಂತ್ರದಲ್ಲಿ ಪಾಸ್‌ವರ್ಡ್ ಇರುವ ಬೇರೆ ಖಾತೆಯೊಂದನ್ನು ಮಾಡಿ, ಒಂದೇ ಫೋಲ್ಡರನ್ನು ಓದಲಿಕ್ಕೆ ಮಾತ್ರ ಹಂಚಿದರೆ ಕೆಲಸ ಮುಗಿಯಿತು. ಮೊಬೈಲೂ ಬೇಕೆಂದರೆ ಲೋಕಲ್‌ಸೆಂಡ್ ಎಂಬ ಮುಕ್ತ ತಂತ್ರಾಂಶ ಇದೆ, ಮನೆಯ ವೈಫೈ ಸಾಕು, ಖಾತೆ ತೆರೆಯುವ ರಗಳೆ ಇಲ್ಲ.

ಇದಕ್ಕೆಲ್ಲ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತೀರಾ? 2017ರ ಅಕ್ಟೋಬರ್ 3ರಂದು ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ತೀರಿಕೊಂಡಾಗ ನಮ್ಮ ಕಡೆ ಎಲ್ಲರೂ ಹಳೆಯ ಮುದ್ರಿಕೆಗಳನ್ನು ಹುಡುಕಿದರು. ಇದ್ದವು, ಆದರೆ ಒಂದೊಂದು ಮನೆಯ ಒಂದೊಂದು ಕಂಪ್ಯೂಟರಿನಲ್ಲಿ, ಒಂದೊಂದೇ ಪ್ರತಿ. ನಮ್ಮ ಮಳೆಗಾಲದ ತೇವಕ್ಕೆ ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯುತ್ತದೆ, ಗುಡುಗು-ಸಿಡಿಲಿಗೆ ಹಾರ್ಡ್‌ಡಿಸ್ಕೂ ಹೋಗುತ್ತದೆ. ಕಳಿಸುವುದು ಕಷ್ಟವಾದಾಗ ಜನ ಕುಗ್ಗಿಸಿ ಕಳಿಸುತ್ತಾರೆ, ಕುಗ್ಗಿದ್ದನ್ನೇ ಉಳಿಸಿಕೊಳ್ಳುತ್ತಾರೆ. ಅದರಲ್ಲಿ ಭಾಗವತರ ಪದವೇನೋ ಕೇಳುತ್ತದೆ, ಚಂಡೆಯ ಪೆಟ್ಟಿನ ಅಂಚು ಸವೆದಿರುತ್ತದೆ. ಮನೆಯೊಳಗಿನ ಎರಡನೆಯ ಕಂಪ್ಯೂಟರೇ ಅತಿ ಅಗ್ಗದ ಎರಡನೆಯ ಪ್ರತಿ. ಅದಕ್ಕೂ ದಾರಿ ಇಲ್ಲದಂತೆ ಮಾಡುವುದು ಸಣ್ಣ ಅನನುಕೂಲ ಅಲ್ಲ.

ಆ ಸಂಜೆ ವೃತ್ತ ತಿರುಗುತ್ತಲೇ ಇತ್ತು. ಕೊನೆಗೆ ಅಳಿಯ ಪೆನ್‌ಡ್ರೈವ್ ಹಿಡಿದು ಇಳಿದುಬಂದ. ಮರುದಿನ ಯಲ್ಲಾಪುರದಿಂದ ಹದಿನೈದು ಮೀಟರ್ ಕೇಬಲ್ ತಂದು ಮೆಟ್ಟಿಲ ಬದಿಗೆ ಮೊಳೆ ಹೊಡೆದೆವು. ಕ್ಯಾಸೆಟ್ಟಿನ ಪೆಟ್ಟಿಗೆಯಲ್ಲಿ ಇನ್ನೂ ನಲವತ್ತೊಂದು ಇವೆ.