ಯಾವ ವಿಮಾನದಿಂದ ಜಿಗಿದ? – ಒಂದು ಪಠ್ಯಲೆಕ್ಕದ ವಿಮರ್ಶೆ

ಪಿ.ಯು. ತರಗತಿಗಳಿಗೆ ಭೌತವಿಜ್ಞಾನ ಕಲಿಸುವವರಿಗೆಲ್ಲ ಪರಿಚಿತವಾದ ಒಂದು ಲೆಕ್ಕವಿದೆ. ಪ್ಯಾರಾಚೂಟ್ ತೊಟ್ಟ ಒಬ್ಬ ಹೊರಜಿಗಿದು 50 ಮೀ. ದೂರ ಘರ್ಷಣೆಯಿಲ್ಲದೆ ಬೀಳುತ್ತಾನೆ. ಆಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡು, ಅವನ ವೇಗ ಸೆಕೆಂಡಿಗೆ 2 ಮೀ./ಸೆ.ನಂತೆ ಕುಗ್ಗುತ್ತ ಹೋಗುತ್ತದೆ. ನೆಲ ಮುಟ್ಟುವಾಗ ವೇಗ 3 ಮೀ./ಸೆ. ಹಾಗಾದರೆ ಅವನು ಜಿಗಿದ ಎತ್ತರ ಎಷ್ಟು? 2005ರ ಎಐಇಇಇ ಪ್ರವೇಶ ಪರೀಕ್ಷೆಯಲ್ಲಿ ಕಾಣಿಸಿಕೊಂಡ ಈ ಪ್ರಶ್ನೆ ಮಾರ್ಗದರ್ಶಿ ಪುಸ್ತಕಗಳಲ್ಲಿ ಇಂದಿಗೂ ಉಳಿದುಕೊಂಡಿದೆ. ಉತ್ತರ 293 ಮೀ.

ನಾನೂ ಇದನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬಿಡಿಸಿದ್ದೇನೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಅವನು ಜಿಗಿದದ್ದು ಯಾವ ವಿಮಾನದಿಂದ? ಫ್ಲೈಯಿಂಗ್ ಕ್ಲಬ್ಬಿನ ಚಿಕ್ಕ ವಿಮಾನದಿಂದ ಹಾಗೆ ಜಿಗಿಯಬಹುದೇ?" ಎಂದು ಕೇಳಿದಳು. ತರಗತಿ ನಕ್ಕಿತು, ನಾನೂ ನಕ್ಕು ಮುಂದಿನ ಲೆಕ್ಕಕ್ಕೆ ಹೋದೆ. ಪ್ರಶ್ನೆ ಮಾತ್ರ ಉಳಿಯಿತು. ಲೆಕ್ಕವನ್ನು ಮತ್ತೆ ಓದಿದಾಗ ತಿಳಿಯಿತು: ಅದರಲ್ಲಿ ವಿಮಾನವೇ ಇಲ್ಲ!

ಮೊದಲು ಲೆಕ್ಕಕ್ಕೆ ನ್ಯಾಯ

ದೋಷ ಹೇಳುವ ಮೊದಲು ಗುಣ ಹೇಳಬೇಕು. "ಘರ್ಷಣೆಯಿಲ್ಲದೆ 50 ಮೀ." ಎಂಬ ಮಾತನ್ನು ಕೆಲವರು ಹಾಸ್ಯ ಮಾಡುತ್ತಾರೆ. ಅದು ಅಷ್ಟು ಕೆಟ್ಟ ಊಹೆಯಲ್ಲ. ಹೊಟ್ಟೆ ಕೆಳಗಾಗಿ ಕೈಕಾಲು ಚಾಚಿ ಬೀಳುವವನ ಅಂತಿಮ ವೇಗ ಸುಮಾರು 54 ಮೀ./ಸೆ. (ಗಂಟೆಗೆ 195 ಕಿ.ಮೀ.). ಗಾಳಿಯ ಎಳೆತ ವೇಗದ ವರ್ಗಕ್ಕೆ ಅನುಪಾತದಲ್ಲಿದೆ ಎಂದು ಸೇರಿಸಿಕೊಂಡರೆ 50 ಮೀ. ಬಿದ್ದಾಗ ವೇಗ ಸುಮಾರು 29 ಮೀ./ಸೆ. ಆಗುತ್ತದೆ, ಎಳೆತ ಬಿಟ್ಟರೆ 31. ವ್ಯತ್ಯಾಸ ಶೇಕಡ 8ರಷ್ಟು. ಪಿ.ಯು. ಮಟ್ಟಕ್ಕೆ ಇದು ಸಹ್ಯ.

ಆದರೆ ಮುಂದಿನ ಭಾಗ ಸಹ್ಯವಲ್ಲ. ಬಿಚ್ಚಿಕೊಂಡ ಪ್ಯಾರಾಚೂಟ್ 14 ಸೆಕೆಂಡು ಕಾಲ ಒಂದೇ ಸಮನೆ ವೇಗ ತಗ್ಗಿಸುತ್ತ ಕೂರುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ವೇಗವನ್ನು ಬಹುಪಾಲು ಕಳೆದು, ಅನಂತರ ಹೆಚ್ಚುಕಡಿಮೆ ಸ್ಥಿರ ವೇಗದಲ್ಲಿ ಇಳಿಸುತ್ತದೆ. ಎತ್ತರವೂ ಹಾಗೆಯೇ. ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮದಂತೆ ನುರಿತವರು ಕೂಡ 2,500 ಅಡಿ, ಅಂದರೆ ಸುಮಾರು 760 ಮೀ. ಎತ್ತರದೊಳಗೆ ಮುಖ್ಯ ಪ್ಯಾರಾಚೂಟನ್ನು ಬಿಚ್ಚಿರಬೇಕು. 293 ಮೀ. ಎತ್ತರದಿಂದ ಜಿಗಿಯುವವನಿಗೆ ಮೊದಲನೆಯದು ಕೈಕೊಟ್ಟರೆ ಎರಡನೆಯದನ್ನು ಬಿಚ್ಚಲು ವೇಳೆ ಸಾಲದು.

ಇವೆಲ್ಲ ಚಿಕ್ಕ ತಕರಾರುಗಳು. ದೊಡ್ಡ ತಕರಾರು ಬೇರೆ. ಜಿಗಿತದ ಭೌತವಿಜ್ಞಾನದ ಅರ್ಧ ಭಾಗ ವಿಮಾನದೊಳಗೇ ಇದೆ. ಅದನ್ನು ಬಿಂದುವಾಗಿಸಿ ಅಳಿಸಿಬಿಟ್ಟರೆ ವಿದ್ಯಾರ್ಥಿಗೆ ಉಳಿಯುವುದು ಒಂದು ಸಮೀಕರಣ ಮಾತ್ರ. ಆದ್ದರಿಂದ ಆ ವಿದ್ಯಾರ್ಥಿನಿಯ ಪ್ರಶ್ನೆಯನ್ನೇ ಎತ್ತಿಕೊಂಡು ನೋಡೋಣ. ಇಬ್ಬರನ್ನು ಪರೀಕ್ಷೆಗೆ ಕೂರಿಸೋಣ: ತರಬೇತಿ ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸೆಸ್ನಾ 172, ಮತ್ತು ಅದರ ಅಣ್ಣನಂತಿರುವ ಸೆಸ್ನಾ 182. ಎರಡೂ ನಾಲ್ಕು ಆಸನದ, ಒಂದೇ ಎಂಜಿನ್ನಿನ, ರೆಕ್ಕೆ ಮೇಲಿರುವ ಖಾಸಗಿ ವಿಮಾನಗಳು.

ಏರುವ ಸಾಮರ್ಥ್ಯ

ಜಿಗಿಯುವವನಿಗೆ ಬೇಕಾದದ್ದು ಎತ್ತರ. 10,000 ಅಡಿಯಿಂದ (3,050 ಮೀ.) ಜಿಗಿದು 4,000 ಅಡಿಯಲ್ಲಿ ಪ್ಯಾರಾಚೂಟ್ ಬಿಚ್ಚಿದರೆ ಮುಕ್ತವಾಗಿ ಬೀಳುವ ಅವಧಿ ಸುಮಾರು 35 ಸೆಕೆಂಡು. 13,000 ಅಡಿಯಿಂದಾದರೆ ಅದು 50 ಸೆಕೆಂಡನ್ನು ದಾಟುತ್ತದೆ.

172ರ 'ಎನ್' ಮಾದರಿಯ ಎಂಜಿನ್ 160 ಅಶ್ವಸಾಮರ್ಥ್ಯದ್ದು. ಪೂರ್ಣ ತೂಕ 1,043 ಕೆ.ಜಿ. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 770 ಅಡಿ ಏರುತ್ತದೆ. 14,200 ಅಡಿಯಲ್ಲಿ ಈ ದರ 100 ಅಡಿಗೆ ಇಳಿಯುತ್ತದೆ. ವಿಮಾನಯಾನದಲ್ಲಿ ಅದನ್ನೇ ವಿಮಾನದ ಸೇವಾಮಿತಿ ಎಂದು ಕರೆಯುವುದು. 182ರ 'ಟಿ' ಮಾದರಿಗೆ 230 ಅಶ್ವಸಾಮರ್ಥ್ಯ, 1,406 ಕೆ.ಜಿ., ನಿಮಿಷಕ್ಕೆ 924 ಅಡಿ, ಸೇವಾಮಿತಿ 18,100 ಅಡಿ. ಏರುವ ದರ ಎತ್ತರದೊಡನೆ ಸರಳರೇಖೆಯಲ್ಲಿ ಕುಗ್ಗುತ್ತದೆ ಎಂದು ಇಟ್ಟುಕೊಳ್ಳಿ. 10,000 ಅಡಿಯಲ್ಲಿ 172ರ ದರ ಸುಮಾರು 300, 182ರದು ಸುಮಾರು 470 ಅಡಿ. ಈ ದರವನ್ನು ಮೀಟರಿಗೆ ತಿರುಗಿಸಿ ತೂಕದಿಂದ ಗುಣಿಸಿದರೆ, ಏರಲು ಉಳಿದಿರುವ ಹೆಚ್ಚುವರಿ ಸಾಮರ್ಥ್ಯ ಸಿಗುತ್ತದೆ: 172ಕ್ಕೆ ಸುಮಾರು 15 ಕಿಲೋವ್ಯಾಟ್, 182ಕ್ಕೆ 33. ಎಂಜಿನ್ನುಗಳ ಅಂತರ ಒಂದೂವರೆ ಪಟ್ಟಿಗಿಂತ ಕಡಿಮೆ. ಆದರೆ ಆ ಎತ್ತರದಲ್ಲಿ ಉಳಿಯುವ ಸಾಮರ್ಥ್ಯದ ಅಂತರ ಎರಡು ಪಟ್ಟು! ಕಾರಣ ಸರಳ. ವಿಮಾನ ಗಾಳಿಯಲ್ಲಿ ನಿಲ್ಲಲೆಂದೇ ಸಾಮರ್ಥ್ಯದ ಒಂದು ಪಾಲು ಖರ್ಚಾಗಬೇಕು. ಗಾಳಿಯ ಸಾಂದ್ರತೆ 10,000 ಅಡಿಯಲ್ಲಿ ನೆಲಮಟ್ಟದ ಶೇಕಡ 74ಕ್ಕೆ ಇಳಿದು, ಎಂಜಿನ್ನಿನ ಶಕ್ತಿಯೂ ಇಳಿದಾಗ, ಕೊರತೆಯ ಹೊಡೆತವೆಲ್ಲ ಹೆಚ್ಚುವರಿಯ ಮೇಲೆಯೇ ಬೀಳುತ್ತದೆ.

ಸಮಯ ಕಂಡುಹಿಡಿಯುವುದು ನಿಮ್ಮ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ದರ ಎತ್ತರದೊಡನೆ ಸರಳವಾಗಿ ಕುಗ್ಗಿದರೆ ಸಮಯ ಲಾಗರಿದಮ್ ಆಗಿ ಬರುತ್ತದೆ. 10,000 ಅಡಿಗೆ 182 ಸುಮಾರು 15 ನಿಮಿಷ, 172 ಸುಮಾರು 20 ನಿಮಿಷ ತೆಗೆದುಕೊಳ್ಳುತ್ತದೆ. 13,000 ಅಡಿಗೆ ಕ್ರಮವಾಗಿ 22 ಮತ್ತು 34 ನಿಮಿಷ. ಇದು ಸಮುದ್ರಮಟ್ಟದಿಂದ, ಪ್ರಮಾಣಿತ ತಾಪದಲ್ಲಿ. ಈಗ ಸ್ಕೈಡೈವಿಂಗ್ ಶಿಬಿರಗಳು ನಡೆದಿರುವ ಮೈಸೂರಿಗೆ ಬನ್ನಿ. ಅಲ್ಲಿಯ ನೆಲವೇ ಸಮುದ್ರಮಟ್ಟದಿಂದ ಸುಮಾರು 750 ಮೀ. ಎತ್ತರದಲ್ಲಿದೆ. ನೆಲದಿಂದ 10,000 ಅಡಿ ಏರಬೇಕಾದರೆ ಇದೇ ಸೂತ್ರದಂತೆ 182ಕ್ಕೆ 18, 172ಕ್ಕೆ 27 ನಿಮಿಷ. ಬಿಸಿಲು ಏರಿದರೆ ಇನ್ನೂ ಹೆಚ್ಚು. ಹಳೆಯ ಎಂಜಿನ್ನಿದ್ದರೆ ಮತ್ತೂ ಹೆಚ್ಚು.

ಈ ಪರೀಕ್ಷೆಯಲ್ಲಿ 182 ಪಾಸು. 172 ಗ್ರೇಸ್ ಅಂಕಗಳ ಮೇಲೆ.

ತೂಕ ಮತ್ತು ಅದರ ಸ್ಥಾನ

182ರಲ್ಲಿ ಮನುಷ್ಯರಿಗೂ ಇಂಧನಕ್ಕೂ ಸೇರಿ ಸುಮಾರು 520 ಕೆ.ಜಿ. ಹೊರೆ ಹಾಕಬಹುದು. ಪೈಲಟ್ 90, ಸಲಕರಣೆ ಸಹಿತ ನಾಲ್ವರು ತಲಾ 95 ಎಂದರೆ 470 ಆಯಿತು. ಉಳಿದ 50 ಕೆ.ಜಿ. ಎಂದರೆ ಸುಮಾರು 70 ಲೀಟರ್ ಪೆಟ್ರೋಲು. ಒಂದು ಏರಿಳಿತಕ್ಕೆ ಅಷ್ಟು ಸಾಕು, ತುಸು ಮೀಸಲೂ ಉಳಿಯುತ್ತದೆ. 172ರಲ್ಲಿ ಹೊರೆ ಸುಮಾರು 400 ಕೆ.ಜಿ. ಮೂವರನ್ನು ಹತ್ತಿಸಿದರೆ 375 ಮುಗಿದು ಇಂಧನಕ್ಕೆ 35 ಲೀಟರಿನಷ್ಟೇ ಜಾಗ. ಆದ್ದರಿಂದ ಅದರಲ್ಲಿ ಇಬ್ಬರೇ ಸರಿ.

ಒಟ್ಟು ತೂಕಕ್ಕಿಂತ ಮುಖ್ಯವಾದದ್ದು ಅದು ಇರುವ ಸ್ಥಾನ. ಜಿಗಿತದ ವಿಮಾನದಲ್ಲಿ ಪೈಲಟ್ಟಿನದು ಬಿಟ್ಟು ಉಳಿದ ಆಸನಗಳನ್ನು ಕಿತ್ತಿರುತ್ತಾರೆ. ಜಿಗಿಯುವವರು ನೆಲದ ಮೇಲೆಯೇ ಕೂರುತ್ತಾರೆ. ಬಾಗಿಲು ತೆರೆದಾಗ ಅವರು ಸರಿದಾಡುತ್ತಾರೆ. 1,300 ಕೆ.ಜಿ.ಯ ವಿಮಾನದಲ್ಲಿ ತಲಾ 95 ಕೆ.ಜಿ.ಯ ಮೂವರು ಅರ್ಧ ಮೀಟರ್ ಹಿಂದಕ್ಕೆ ಸರಿದರೆ ಗುರುತ್ವಕೇಂದ್ರ 11 ಸೆಂ.ಮೀ. ಹಿಂದಕ್ಕೆ ಹೋಗುತ್ತದೆ. ಇದೇನು ಮಹಾ ಎನ್ನಬೇಡಿ. 182 'ಟಿ' ಮಾದರಿಗೆ ಪೂರ್ಣ ತೂಕದಲ್ಲಿ ಅನುಮತಿಸಿರುವ ಒಟ್ಟು ಹರವೇ ಸುಮಾರು 13 ಸೆಂ.ಮೀ.! ಗುರುತ್ವಕೇಂದ್ರ ಮಿತಿ ಮೀರಿ ಹಿಂದೆ ಸರಿದ ವಿಮಾನ ಮೂಗು ಮೇಲೆತ್ತಲು ನೋಡುತ್ತದೆ. ವೇಗ ಕುಗ್ಗಿ ಹಿಡಿತ ತಪ್ಪಿದರೆ ಮತ್ತೆ ಹಿಡಿತಕ್ಕೆ ಬರುವುದು ಕಷ್ಟ.

2019ರ ಜುಲೈ 14ರಂದು ಸ್ವೀಡನ್ನಿನ ಉಮಿಯೊ ಬಳಿ ಒಂದೇ ಎಂಜಿನ್ನಿನ ಏರ್‌ವ್ಯಾನ್ ವಿಮಾನವೊಂದು ಜಿಗಿತದ ಎತ್ತರವನ್ನು ಸಮೀಪಿಸುತ್ತಿದ್ದಾಗ ಹಿಡಿತ ತಪ್ಪಿ ಧುಮುಕಿತು. ಧುಮುಕುವಾಗ ರೆಕ್ಕೆ ಮುರಿಯಿತು. ಒಳಗಿದ್ದ ಒಂಬತ್ತು ಜನರೂ ಸತ್ತರು. ಅವರ ಬೆನ್ನಿಗೆ ಪ್ಯಾರಾಚೂಟ್ ಇತ್ತು! ತನಿಖೆ ಬೊಟ್ಟುಮಾಡಿದ ಅಂಶಗಳಲ್ಲಿ ಕಡಿಮೆ ವೇಗ ಮತ್ತು ಹಿಂದಕ್ಕೆ ಸರಿದಿದ್ದ ಭಾರ ಸೇರಿದ್ದವು. ನಮ್ಮ ಎಂಟನೆಯ ತರಗತಿಯ ಸನ್ನೆಕೋಲಿನ ಲೆಕ್ಕವೇ ಇಲ್ಲಿಯೂ ಇರುವುದು.

ಬಾಗಿಲು, ರೆಕ್ಕೆ, ಬಾಲ

ಜಿಗಿದವನು ಬಾಲಕ್ಕೆ ಬಡಿಯುವುದಿಲ್ಲವೇ? ಇದಕ್ಕೆ ಸುಂದರವಾದ ಉತ್ತರವೊಂದಿದೆ. ವಿಮಾನದಿಂದ ಬಿಟ್ಟುಕೊಂಡವನು ವಿಮಾನದ ವೇಗದಲ್ಲೇ ಮುಂದೆ ಹೋಗುತ್ತಿರುತ್ತಾನೆ. ಎದುರುಗಾಳಿಯ ಎಳೆತ ಅವನನ್ನು ಹಿಂದಕ್ಕೆ ತಳ್ಳುತ್ತದೆ, ಗುರುತ್ವ ಕೆಳಕ್ಕೆ ಎಳೆಯುತ್ತದೆ. ಅಂತಿಮ ವೇಗದಲ್ಲಿ ಎಳೆತ ತೂಕಕ್ಕೆ ಸಮ. ಎಳೆತ ವೇಗದ ವರ್ಗದಂತೆ ಬದಲಾಗುತ್ತದೆ. ಆದ್ದರಿಂದ ಮೊದಲ ಕ್ಷಣಗಳಲ್ಲಿ ಅವನು ಕೆಳಕ್ಕೆ ಬಿದ್ದ ದೂರಕ್ಕೂ ಹಿಂದಕ್ಕೆ ಸರಿದ ದೂರಕ್ಕೂ ಇರುವ ಅನುಪಾತವೆಂದರೆ, ಅಂತಿಮ ವೇಗವನ್ನು ವಿಮಾನದ ವೇಗದಿಂದ ಭಾಗಿಸಿದ್ದರ ವರ್ಗ. ವಿಮಾನದ ವೇಗ 80 ನಾಟ್ (41 ಮೀ./ಸೆ.) ಇದ್ದರೆ ಅನುಪಾತ 1.7. ಬಾಲ 4 ಮೀ. ಹಿಂದಿದ್ದರೆ ಅಲ್ಲಿಗೆ ತಲುಪುವಷ್ಟರಲ್ಲಿ ಸುಮಾರು 7 ಮೀ. ಕೆಳಗಿರುತ್ತಾನೆ. ಅಪಾಯವಿಲ್ಲ. 120 ನಾಟ್ ಇದ್ದರೆ ಅನುಪಾತ 0.76, ಅದೇ 4 ಮೀಟರಿಗೆ 3 ಮೀ. ಮಾತ್ರ ಕೆಳಗೆ.

ಹಾಗಾದರೆ ಇನ್ನೂ ನಿಧಾನ ಹಾರಿದರೆ ಒಳ್ಳೆಯದಲ್ಲವೇ? ಅಲ್ಲ. ಎತ್ತುವ ಬಲ ವೇಗದ ವರ್ಗವನ್ನು ಅವಲಂಬಿಸಿದೆ. ಸುಮಾರು 54 ನಾಟ್‌ನಲ್ಲಿ ರೆಕ್ಕೆ ಕೈಬಿಡುತ್ತದೆ ಎಂದಿಟ್ಟುಕೊಂಡರೆ, 80ರಲ್ಲಿ 2.2 ಪಟ್ಟು ಅವಕಾಶವಿದೆ. 65ಕ್ಕೆ ಇಳಿದರೆ 1.45 ಪಟ್ಟು ಮಾತ್ರ. ಅದೇ ಹೊತ್ತಿಗೆ ಒಬ್ಬ ಚಕ್ರದ ಮೇಲಿನ ಮೆಟ್ಟಿಲಲ್ಲಿ ನಿಂತು ರೆಕ್ಕೆಯ ಆಧಾರಗಂಬಿ ಹಿಡಿದಿರುತ್ತಾನೆ. ವಿಮಾನದ ನಡುರೇಖೆಯಿಂದ 1.2 ಮೀ. ದೂರದಲ್ಲಿರುವ ಅವನ ಭಾರ 1,100 ನ್ಯೂಟನ್-ಮೀಟರಿನಷ್ಟು ಭ್ರಾಮಕದಿಂದ ವಿಮಾನವನ್ನು ಒಂದು ಬದಿಗೆ ವಾಲಿಸುತ್ತದೆ. ಪೈಲಟ್ ಅದನ್ನು ಸರಿದೂಗಿಸುತ್ತಿರಬೇಕು. ಹೀಗೆ ವೇಗ ಹೆಚ್ಚಾದರೆ ಬಾಲದ ಭಯ, ಕಡಿಮೆಯಾದರೆ ರೆಕ್ಕೆಯ ಭಯ. ಇವೆರಡರ ನಡುವಿನ ಇಕ್ಕಟ್ಟಿನಲ್ಲಿ ಜಿಗಿತ ನಡೆಯಬೇಕು.

ಗಮನಿಸಿ, ಈ ಲೆಕ್ಕ ಪ್ಯಾರಾಚೂಟ್ ಮುಚ್ಚಿರುವವರೆಗೆ ಮಾತ್ರ. ಬಾಗಿಲ ಬಳಿ ಅದು ಅಕಸ್ಮಾತ್ತಾಗಿ ಬಿಚ್ಚಿಕೊಂಡರೆ ಎಳೆತ ಒಮ್ಮೆಗೇ ಬೆಳೆದು ಅನುಪಾತ ಶೂನ್ಯದತ್ತ ಇಳಿಯುತ್ತದೆ. ಮನುಷ್ಯ ನೇರ ಬಾಲದತ್ತ ಹೋಗುತ್ತಾನೆ. 2025ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ, ದೊಡ್ಡದಾದ ಕ್ಯಾರವಾನ್ ವಿಮಾನದಲ್ಲೇ ಹೀಗಾಯಿತು. ಮೀಸಲು ಪ್ಯಾರಾಚೂಟಿನ ಹಿಡಿ ರೆಕ್ಕೆಯ ಫ್ಲ್ಯಾಪಿಗೆ ಸಿಕ್ಕಿ ಬಿಚ್ಚಿಕೊಂಡು, ಜಿಗಿದವನು ಬಾಲಕ್ಕೆ ಜೋತುಬಿದ್ದ. ಚಾಕುವಿನಿಂದ ದಾರಗಳನ್ನು ಕೊಯ್ದುಕೊಂಡು ಪಾರಾದ.

ಬಾಗಿಲೂ ಮುಖ್ಯ. 182ಕ್ಕೆ ಹಾರಾಟದಲ್ಲೇ ಮೇಲ್ಮುಖವಾಗಿ ತೆರೆಯುವ ಬಾಗಿಲನ್ನು ಅಳವಡಿಸುತ್ತಾರೆ. ರೆಕ್ಕೆ ಮೇಲಿರುವುದರಿಂದ ಬಾಗಿಲ ಕೆಳಗೆ ಬಯಲು. ರೆಕ್ಕೆ ಕೆಳಗಿರುವ ನಾಲ್ಕು ಆಸನದ ವಿಮಾನದಲ್ಲಾದರೋ ಜಿಗಿಯುವವನು ಮೊದಲು ರೆಕ್ಕೆಯ ಮೇಲೆ ಹತ್ತಿ ನಿಲ್ಲಬೇಕು. ಆಗ ಅವನ ದೇಹವೇ ಬಾಲದ ಮಟ್ಟಕ್ಕಿಂತ ಮೇಲಿರುತ್ತದೆ. ನಮ್ಮ ಅನುಪಾತದ ಲಾಭವೆಲ್ಲ ಅಲ್ಲೇ ಕರಗಿಹೋಗುತ್ತದೆ. ಇನ್ನು ಯಾರೋ ತಮಗೆ ತೋಚಿದಂತೆ ಬಾಗಿಲು ಕಳಚುವಂತೆಯೂ ಇಲ್ಲ. ಅದಕ್ಕೆ ವಿಮಾನಯಾನ ಪ್ರಾಧಿಕಾರದ ಒಪ್ಪಿಗೆ ಬೇಕು.

ತೀರ್ಪು

ವಿದ್ಯಾರ್ಥಿನಿಗೆ ಕೊಡಬೇಕಾಗಿದ್ದ ಉತ್ತರ ಇದು: "ಹೌದಮ್ಮ, ಚಿಕ್ಕ ವಿಮಾನದಿಂದ ಜಿಗಿಯಬಹುದು, ಆದರೆ ಎಲ್ಲ ಚಿಕ್ಕ ವಿಮಾನದಿಂದಲೂ ಅಲ್ಲ. 182ರಂಥದ್ದು, ಬಾಗಿಲು ಬದಲಿಸಿ, ಆಸನ ತೆಗೆದು, ತೂಕ ಲೆಕ್ಕಹಾಕಿ, ನಾಲ್ವರಿಗೆ ಯೋಗ್ಯ. 172 ಇಬ್ಬರಿಗೆ, ತಾಳ್ಮೆಯಿದ್ದರೆ. ಕೆಳರೆಕ್ಕೆಯದು ಬೇಡ." 2013ರ ನವೆಂಬರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಜಿಗಿಯುವವರನ್ನು ಹೊತ್ತ 182 ಮತ್ತು 185 ಆಗಸದಲ್ಲೇ ಡಿಕ್ಕಿ ಹೊಡೆದವು. ಹನ್ನೊಂದು ಜನರೂ ಬದುಕಿದರು. 182ರ ಪೈಲಟ್ ತಾನೂ ಪ್ಯಾರಾಚೂಟ್ ತೊಟ್ಟಿದ್ದ. ಆದರೆ ಅದೃಷ್ಟವನ್ನು ನೆಚ್ಚಲಾಗದು. 1980ರಿಂದ 2008ರವರೆಗೆ ಇಂಥ 32 ವಿಮಾನ ಅಪಘಾತಗಳಲ್ಲಿ 172 ಜನ ಸತ್ತರೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2008ರಲ್ಲಿ ವರದಿ ಮಾಡಿತು. ಅಲ್ಲಿ ಪಟ್ಟಿಯಾದ ಕಾರಣಗಳು ವಿಮಾನದ ನಿರ್ವಹಣೆಯ ಕೊರತೆ, ಪೈಲಟ್ಟಿನ ಲೋಪ, ಮೇಲ್ವಿಚಾರಣೆಯ ಸಡಿಲಿಕೆ. ಸತ್ತವರಲ್ಲಿ ಹೆಚ್ಚಿನವರು ಜಿಗಿಯಲು ಬಂದವರೇ. ಅವರು ಸತ್ತದ್ದು ಜಿಗಿದುದರಿಂದಲ್ಲ, ವಿಮಾನ ಬಿದ್ದುದರಿಂದ.

ಇಲ್ಲಿ ಲೆಕ್ಕದ ಬಗೆಗಿನ ನನ್ನ ಆಕ್ಷೇಪ ಪೂರ್ಣವಾಗುತ್ತದೆ. 293 ಮೀ. ಎಂಬ ಉತ್ತರ ತಪ್ಪಲ್ಲ. ಆದರೆ ಅಪಾಯವೆಲ್ಲ ಬೀಳುವುದರಲ್ಲಿದೆ, ಹತ್ತುವುದರಲ್ಲಿ ಏನೂ ಇಲ್ಲ ಎಂಬ ಭಾವನೆಯನ್ನು ಅದು ಸದ್ದಿಲ್ಲದೆ ಬಿತ್ತುತ್ತದೆ. ನಾಳೆ ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರು ಅಂಥ ವಿಮಾನ ಹತ್ತಬಹುದು, ಒಬ್ಬರು ಅದನ್ನು ಹಾರಿಸಬಹುದು, ಇನ್ನೊಬ್ಬರು ಅದರ ತೂಕದ ಹಾಳೆಗೆ ಸಹಿ ಹಾಕಬಹುದು.

ಲೆಕ್ಕವನ್ನು ಪುಸ್ತಕದಿಂದ ಕಿತ್ತುಹಾಕಬೇಕಿಲ್ಲ. ಅದನ್ನು ಬಿಡಿಸಿದ ಮೇಲೆ ಹತ್ತು ನಿಮಿಷ ಮೀಸಲಿಡಿ. ಹಲಗೆಯ ಮೇಲೆ ಒಂದು ವಿಮಾನ ಬರೆಯಿರಿ. ಬಾಗಿಲು, ಬಾಲ, ಗುರುತ್ವಕೇಂದ್ರ ಗುರುತಿಸಿ. ಮೂವರನ್ನು ಹಿಂದಕ್ಕೆ ಸರಿಸಿ ಕೇಂದ್ರ ಎಲ್ಲಿಗೆ ಹೋಯಿತು ಎಂದು ಕೇಳಿ. ಯಾರಾದರೂ ಎದ್ದು "ಯಾವ ವಿಮಾನ?" ಎಂದು ಕೇಳಿದರೆ, ನನ್ನಂತೆ ನಕ್ಕು ಮುಂದೆ ಹೋಗಬೇಡಿ.