ಮರೆತುಹೋದ ಮೂರು ಗಾನಸಂಪುಟಗಳು

ಬೆಂಗಳೂರಿನ ದಕ್ಷಿಣಕ್ಕೆ ಒಂದು ಕಾಲದಲ್ಲಿ ಹಳ್ಳಿಯಾಗಿದ್ದು ಈಗ ಬನಶಂಕರಿಯ ಬಡಾವಣೆಗಳೊಡನೆ ಬೆರೆತುಹೋಗಿರುವ ಕತ್ರಿಗುಪ್ಪೆಯಿಂದ, ಸಂಗೀತಕ್ಕೋ ನಾಟಕಕ್ಕೋ ರವೀಂದ್ರ ಕಲಾಕ್ಷೇತ್ರಕ್ಕೆ ಹೊರಟವರು ಜಯಚಾಮರಾಜೇಂದ್ರ ರಸ್ತೆಯನ್ನು ಮುಟ್ಟಲೇಬೇಕು. ಜನರ ಬಾಯಲ್ಲಿ ಅದು ಬರಿಯ ‘ಜೆ. ಸಿ. ರೋಡು’. ಮೋಟಾರು ಬಿಡಿಭಾಗಗಳ ಅಂಗಡಿಗಳ ಸದ್ದಿನ ನಡುವೆ ಆ ಎರಡು ಅಕ್ಷರಗಳು ಯಾರ ಹೆಸರಿನವೆಂದು ವಿಚಾರಿಸುವವರು ವಿರಳ. ವಿಚಾರಿಸಿದವರಿಗೂ ಮೈಸೂರಿನ ಕಡೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರವರು ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂಬ ಮಟ್ಟಿಗೆ ತಿಳಿದಿರುತ್ತದೆ. ಅವರ ಔದಾರ್ಯದಿಂದ ಹುಟ್ಟಿ, ಹೊರದೇಶದ ರಸಿಕರು ಇಂದಿಗೂ ಹುಡುಕಿ ಕೇಳುವ ಮೂರು ಗಾನಸಂಪುಟಗಳಿವೆ ಎಂಬುದು ಮಾತ್ರ ಕನ್ನಡನಾಡಿನ ವಿದ್ಯಾವಂತ ಮನೆಗಳಲ್ಲಿಯೂ ಅಪರಿಚಿತವಾದ ಸಂಗತಿ. ಆ ಸಂಪುಟಗಳ ಯೋಗ್ಯತೆಯನ್ನೂ ಕೊರತೆಯನ್ನೂ ತೂಗಿನೋಡುವುದು ಈ ಲೇಖನದ ಉದ್ದೇಶ.

ಮೊದಲು ‘ಆಲ್ಬಂ’ ಎಂಬ ಮಾತಿನ ಅರ್ಥವನ್ನು ನೆನೆಯಬೇಕು. ಅರಗಿನಿಂದ ಮಾಡಿ, ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ಗ್ರಾಮಾಫೋನ್ ಪ್ಲೇಟಿನ ಒಂದು ಮಗ್ಗುಲಿನಲ್ಲಿ ನಾಲ್ಕು ನಾಲ್ಕೂವರೆ ನಿಮಿಷಗಳ ಸಂಗೀತವಷ್ಟೇ ಹಿಡಿಯುತ್ತಿತ್ತು. ಅರ್ಧ ಗಂಟೆಗೂ ಮೀರಿದ ಒಂದು ಕೃತಿಯನ್ನು ಅಚ್ಚೊತ್ತಬೇಕಾದರೆ ನಾಲ್ಕೈದು ಪ್ಲೇಟುಗಳು ಬೇಕು. ಇವನ್ನು ದಪ್ಪ ಕಾಗದದ ಚೀಲಗಳಲ್ಲಿ ಇಟ್ಟು, ಚೀಲಗಳನ್ನು ಪುಸ್ತಕದಂತೆ ಕಟ್ಟು ಹಾಕಿ ಮಾರುತ್ತಿದ್ದರು. ಆ ಪುಸ್ತಕವೇ ಆಲ್ಬಂ. ಆದಕಾರಣ ಇವನ್ನು ‘ಗಾನಸಂಪುಟ’ವೆಂದು ಕರೆದರೆ ಅದು ಬರಿಯ ಭಾಷಾಂತರವಲ್ಲ, ವಸ್ತುವಿನ ಯಥಾರ್ಥವಾದ ವರ್ಣನೆ.

ಪ್ರಕೃತ ಸಂಪುಟಗಳು 1940ರ ದಶಕದ ಕೊನೆಯ ವರ್ಷಗಳಲ್ಲಿ ಲಂಡನ್ನಿನಲ್ಲಿ ‘ಹಿಸ್ ಮಾಸ್ಟರ್ಸ್ ವಾಯ್ಸ್’ ಸಂಸ್ಥೆಯ ಮೂಲಕ ‘ಮೆಟ್ನರ್ ಸೊಸೈಟಿ’ಯ ಹೆಸರಿನಲ್ಲಿ ಹೊರಬಂದವು. ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ರಚನಕಾರ; ಪಿಯಾನೋವಾದನದಲ್ಲಿ ಅಸಾಧಾರಣ ಪಂಡಿತ. ಸುಪ್ರಸಿದ್ಧನಾದ ರಾಖ್ಮಾನಿನೊವ್ ಈತನ ಮಿತ್ರ. ತನ್ನ ನಾಲ್ಕನೆಯ ಪಿಯಾನೋ ಕನ್ಸರ್ಟೊವನ್ನು ರಾಖ್ಮಾನಿನೊವ್ ಮೆಟ್ನರನಿಗೆ ಅರ್ಪಿಸಿದರೆ, ಮೆಟ್ನರ್ ತನ್ನ ಎರಡನೆಯ ಕನ್ಸರ್ಟೊವನ್ನು ರಾಖ್ಮಾನಿನೊವನಿಗೆ ಅರ್ಪಿಸಿದ. ಆದರೆ ಲೋಕವು ಇಬ್ಬರಿಗೂ ಒಂದೇ ಕಣ್ಣಿನಿಂದ ನೋಡಲಿಲ್ಲ. ಮೆಟ್ನರ್ 1921ರಲ್ಲಿ ರಷ್ಯವನ್ನು ತೊರೆದು, ಜರ್ಮನಿ ಫ್ರಾನ್ಸುಗಳಲ್ಲಿ ಅಲೆದು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದ. ಕಾಲದ ಹೊಸ ಪಂಥಗಳೊಂದೂ ಆತನಿಗೆ ಒಪ್ಪಿಗೆಯಾಗಲಿಲ್ಲ. 1935ರಲ್ಲಿ ಪುಸ್ತಕವೊಂದನ್ನೇ ಬರೆದು, ಸಂಗೀತಕ್ಕೆ ಶಾಶ್ವತ ಧರ್ಮವೊಂದುಂಟೆಂದೂ ಹೊಸತನದ ಹುಚ್ಚಿನಿಂದ ಅದು ಕೆಡುತ್ತಿದೆಯೆಂದೂ ವಾದಿಸಿದ. ಅಂತಹವನಿಗೆ ಆ ಕಾಲದ ವಿಮರ್ಶಕರ ಆದರ ಹೇಗೆ ದೊರೆತೀತು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ವರಮಾನವೂ ನಿಂತಿತು, ಹೃದ್ರೋಗವೂ ಕಾಣಿಸಿಕೊಂಡಿತು.

ಈ ವೃದ್ಧ ಕಲಾವಿದನ ಕಡೆಗೆ ಮೈಸೂರಿನ ದೃಷ್ಟಿ ಹೊರಳಿದ್ದು ಕೇವಲ ದಾನಬುದ್ಧಿಯಿಂದಲ್ಲ. 1919ರಲ್ಲಿ ಜನಿಸಿದ ಜಯಚಾಮರಾಜ ಒಡೆಯರವರು ಸ್ವತಃ ಪಿಯಾನೋ ಅಭ್ಯಾಸ ಮಾಡಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯನ್ನು ಪಡೆದಿದ್ದವರು. 1940ರಲ್ಲಿ ತಂದೆಯವರಾದ ಕಂಠೀರವ ನರಸಿಂಹರಾಜ ಒಡೆಯರವರೂ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರವರೂ ಒಂದೇ ವರ್ಷದಲ್ಲಿ ತೀರಿಕೊಳ್ಳಲು, ಇಪ್ಪತ್ತೊಂದರ ಪ್ರಾಯದಲ್ಲಿ ರಾಜ್ಯಭಾರವು ಅವರ ಹೆಗಲಿಗೆ ಬಂದಿತು. ಪಿಯಾನೋ ವಿದ್ವಾಂಸರಾಗಿ ಬೆಳೆಯುವ ದಾರಿ ಅಲ್ಲಿಗೆ ಮುಚ್ಚಿತು. ತಮ್ಮ ಬೆರಳುಗಳಿಗೆ ಸಲ್ಲದೆ ಹೋದುದನ್ನು ಮತ್ತೊಬ್ಬರ ಬೆರಳುಗಳಿಂದ ಲೋಕಕ್ಕೆ ಉಳಿಸಿಕೊಡಬೇಕೆಂಬ ಹಂಬಲ ಈ ಸಂಪುಟಗಳ ಹಿಂದೆ ಇದ್ದಿತೆಂದು ಊಹಿಸಿದರೆ ತಪ್ಪಾಗಲಾರದು. ಮೆಟ್ನರನ ಸಮಸ್ತ ಕೃತಿಗಳನ್ನೂ ಆತನು ಜೀವಂತನಿರುವಾಗಲೇ ಧ್ವನಿಮುದ್ರಿಸಬೇಕೆಂಬುದು ಅವರ ಸಂಕಲ್ಪವಾಗಿತ್ತು. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ.

ಸಂಪುಟಗಳ ಮುಖ್ಯ ಭಾಗವೆಂದರೆ 1947ರಲ್ಲಿ ಮುದ್ರಿತವಾದ ಮೂರು ಕನ್ಸರ್ಟೊಗಳು. ಒಂದು ವಾದ್ಯವು ದೊಡ್ಡ ವಾದ್ಯವೃಂದದೊಡನೆ ನಡೆಸುವ ಸಂವಾದಕ್ಕೆ ಕನ್ಸರ್ಟೊ ಎಂದು ಹೆಸರು. ಮೂರರಲ್ಲಿಯೂ ಪಿಯಾನೋ ನುಡಿಸಿದವನು ಮೆಟ್ನರನೇ. ವೃಂದವು ಫಿಲ್‌ಹಾರ್ಮೋನಿಯಾ, ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸೈ ಡೊಬ್ರೊವೆನ್ ನಿರ್ದೇಶಕರು. ಇವಲ್ಲದೆ ಪಿಟೀಲು ಪಿಯಾನೋಗಳ ಒಂದು ಸೊನಾಟಾ, ಕಂಠಕ್ಕೂ ಪಿಯಾನೋಗೂ ಬರೆದ ಒಂದು ಸೊನಾಟಾ, ಅನೇಕ ಗೀತಗಳು ಮತ್ತು ‘ಸ್ಕಾಜ್ಕಿ’ ಎಂದು ರಷ್ಯನರು ಕರೆಯುವ ಪಿಯಾನೋ ‘ಕಥೆ’ಗಳು ಮೆಟ್ನರನ ಈ ಕಡೆಯ ವರ್ಷಗಳ ಮುದ್ರಣಗಳಲ್ಲಿ ಸೇರಿವೆ.

ಎರಡನೆಯ ಕನ್ಸರ್ಟೊ ಕನ್ನಡದ ಶ್ರೋತೃವಿಗೆ ಪ್ರವೇಶದ್ವಾರವಾಗಲು ತಕ್ಕುದು. ಅದರ ಮೊದಲ ಭಾಗಕ್ಕೆ ‘ಟೊಕಾಟ’ ಎಂದು ಹೆಸರು. ಲಯದ ಗಟ್ಟಿಯಾದ ಒಂದು ಹೊಡೆತದಿಂದ ಅದು ಮೊದಲಾಗಿ, ಆ ಹೊಡೆತದ ಬಲವೇ ಭಾಗದ ಉದ್ದಕ್ಕೂ ಎಲ್ಲವನ್ನೂ ಮುಂದಕ್ಕೆ ಒಯ್ಯುತ್ತದೆ. ಪಲ್ಲವಿಯ ಒಂದೇ ಸಾಲನ್ನು ಹಿಡಿದು ನೆರವಲು ಮಾಡುವ ವಿದ್ವಾಂಸನು ಅದರಿಂದ ಏನೆಲ್ಲವನ್ನು ಹೊರತೆಗೆಯುವನೆಂಬುದನ್ನು ಬಲ್ಲ ಕಿವಿಗೆ ಮೆಟ್ನರನ ಕ್ರಮವು ಅನ್ಯವೆನಿಸದು. ಚಿಕ್ಕದೊಂದು ಸ್ವರಗುಚ್ಛವನ್ನು ಒಡೆಯುವುದು, ತಿರುಗಿಸುವುದು, ಕೆಳಸ್ಥಾಯಿಯಲ್ಲಿ ಅಡಗಿಸಿ ಮೇಲೆ ಬೇರೊಂದನ್ನು ಹಾಡಿಸುವುದು, ಮರೆತೆವೆನ್ನುವ ಹೊತ್ತಿಗೆ ಮರಳಿ ತರುವುದು ಆತನ ಸ್ವಭಾವ. ಹೋಲಿಕೆಯನ್ನು ಇದಕ್ಕಿಂತ ಎಳೆಯಬಾರದು. ರಾಗವೆಂಬ ಭಾವಶರೀರ ಅಲ್ಲಿಲ್ಲ. ಹಲವು ಸ್ವರಗಳು ಏಕಕಾಲದಲ್ಲಿ ನುಡಿದು ಹುಟ್ಟುವ ಮೇಳವೇ ಅಲ್ಲಿಯ ಪ್ರಾಣ. ಎರಡನೆಯ ಭಾಗವಾದ ‘ರೊಮಾನ್ಸ’ ದೀರ್ಘವಾದ, ಅವಸರವಿಲ್ಲದ ಒಂದು ಗಾನ. ಮೂರನೆಯದು ಕುಣಿತದ ನಡೆಯದು. ಅಲ್ಲಿ ಹಿಂದಿನ ಭಾಗಗಳ ಮಾತುಗಳು ವೇಷ ಬದಲಿಸಿ ಮರಳುವುದನ್ನು ಗುರುತಿಸುವ ಸುಖವು ಎರಡನೆಯ ಸಲ ಕೇಳಿದವರಿಗೆ ಮೀಸಲು.

ಮಹಾರಾಜರಿಗೆ ಅರ್ಪಿತವಾದ ಮೂರನೆಯದು ಇದಕ್ಕಿಂತ ಕಠಿನ. ಯುದ್ಧದ ನಡುವೆ, ರೋಗದಿಂದ ಚೇತರಿಸಿಕೊಳ್ಳುತ್ತ ಮೆಟ್ನರ್ 1943ರಲ್ಲಿ ಮುಗಿಸಿದ ಕೃತಿಯಿದು. 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾನೇ ಮೊದಲು ನುಡಿಸಿದ. ‘ಬ್ಯಾಲಡ್’, ಎಂದರೆ ಕಥನಗೀತ, ಎಂಬ ಹೆಸರು ಇದಕ್ಕುಂಟು. ನದಿಯ ತಳದಲ್ಲಿ ನಿದ್ರಿಸುವ ವೀರನನ್ನೂ ಅವನನ್ನು ಎಚ್ಚರಿಸಲಾರದೆ ಹಾಡುವ ಜಲಕನ್ಯೆಯನ್ನೂ ಕುರಿತ ಲೆರ್ಮಂತೊವ್ ಕವಿಯ ಪದ್ಯ ಇದಕ್ಕೆ ಪ್ರೇರಣೆ. ನಡುವಿನ ಭಾಗವು ಒಂದು ಕಿರುಸೇತುವೆ ಮಾತ್ರ. ಆದಕಾರಣ ಮೊದಲ ಭಾಗದ ಮಬ್ಬಿನಿಂದ ಕೊನೆಯ ಭಾಗದ ಬೆಳಕಿಗೆ ಕೃತಿಯು ಒಂದೇ ಉಸಿರಿನಲ್ಲಿ ಸಾಗಿದಂತೆ ತೋರುತ್ತದೆ. ಮೊದಲ ಶ್ರವಣದಲ್ಲಿ ಇದು ದಾರಿ ತಪ್ಪಿ ಅಲೆಯುವಂತೆ ಕಾಣುವುದು ಸಹಜ. ಕಥೆ ಹೇಳುವ ಅಜ್ಜನು ಮಾತಿನ ನಡುವೆ ಸುಮ್ಮನಾಗಿ ಮತ್ತೆ ಎತ್ತಿಕೊಳ್ಳುವನಲ್ಲವೆ? ಆ ಬಗೆಯ ತಡೆತ ಇದರ ದೋಷವಲ್ಲ, ಧೋರಣೆ.

ಮೆಟ್ನರನ ವಾದನದ ಗುಣವೇ ಈ ಸಂಪುಟಗಳ ದೊಡ್ಡ ಆಸ್ತಿ. ಅರುವತ್ತೇಳರ ಪ್ರಾಯದಲ್ಲಿ ನುಡಿಸುತ್ತಿರುವನೆಂಬ ಕನಿಕರವನ್ನು ಆತನು ಬೇಡುವುದಿಲ್ಲ. ಭಾವುಕತೆಯಿಂದ ಲಯವನ್ನು ಜಗ್ಗುವ ಚಪಲ ಅಲ್ಲಿಲ್ಲ. ಒಳದನಿಗಳು ಸ್ಪಷ್ಟವಾಗಿ ಕೇಳುತ್ತವೆ. ಆರ್ಭಟವಿರುವಲ್ಲಿಯೂ ಲೆಕ್ಕ ತಪ್ಪುವುದಿಲ್ಲ. ಮುಂದೆ ಈ ಕೃತಿಗಳನ್ನು ನುಡಿಸಿದವರಲ್ಲಿ ಕೈಚಳಕ ಹೆಚ್ಚಿದವರು ಉಂಟು. ಆದರೆ ಯಾವ ಸ್ವರಕ್ಕೆ ಎಷ್ಟು ತೂಕವೆಂಬುದನ್ನು ಬರೆದವನ ಕೈಯೇ ತೋರಿಸಿಕೊಡುವಾಗ ಅದಕ್ಕೆ ಬೇರೊಂದು ಅಧಿಕಾರವಿದೆ. ತ್ಯಾಗರಾಜರ ಕಂಠದಿಂದ ಅವರ ಕೃತಿಯೊಂದು ಕೇಳಸಿಗುವಂತಿದ್ದರೆ ಪಾಠಾಂತರಗಳ ಎಷ್ಟು ವಿವಾದಗಳು ಮುಗಿಯುತ್ತಿದ್ದುವೋ!

ಹಾಡಿನ ವಿಭಾಗದಲ್ಲಿ ಎರಡನ್ನು ಹೆಸರಿಸಬೇಕು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಪ್ಫ್ ಮೆಟ್ನರನ ಗೀತಗಳನ್ನು ಆತನ ಪಿಯಾನೋದೊಡನೆಯೇ ಹಾಡಿದಳು. ಗಯಟೆಯ ಪದ್ಯಗಳಿಗೆ ಮಾಡಿದ ಗೀತಗಳು ಇವುಗಳಲ್ಲಿವೆ; ಕವಿಯ ಮಾತನ್ನು ಸ್ವರವು ನುಂಗದಂತೆ ಕಾಯುವ ಎಚ್ಚರ ಇವುಗಳಲ್ಲಿ ಎದ್ದುಕಾಣುತ್ತದೆ. ಮಾರ್ಗರೆಟ್ ರಿಚ್ಚಿ ಹಾಡಿದ ‘ಸೊನಾಟಾ ವೊಕಲೀಸ್’ ಇನ್ನೂ ಕುತೂಹಲಕರ. ಮೊದಲಿಗೆ ಗಯಟೆಯ ಒಂದು ಕಿರುಪದ್ಯ. ಬಳಿಕ ಮಾತೇ ಇಲ್ಲ. ಕಂಠವು ಬರಿಯ ಸ್ವರವನ್ನು ಹಿಡಿದು ಸಾಗುತ್ತದೆ. ಆಲಾಪನೆಯಲ್ಲಿ ಬೆಳೆದ ನಾಡಿನವರಿಗೆ ಮಾತಿಲ್ಲದ ಗಾನದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯಲ್ಲ. ಮುದ್ರಣವು ಆ ಕಾಲದ್ದು: ವಾದ್ಯವೃಂದದ ದನಿ ಅಲ್ಲಲ್ಲಿ ಮುದ್ದೆಯಾಗಿ ಹಿಂದೆ ಸರಿಯುತ್ತದೆ, ಪ್ಲೇಟಿನ ಕರಕರ ಸದ್ದು ಉಂಟು. ಮೆಟ್ನರನ ರಚನೆಯಲ್ಲಿಯೂ ವಾದ್ಯವೃಂದದ ವರ್ಣವಿಲಾಸ ಕಡಮೆ; ಆತನು ಪಿಯಾನೋವನ್ನು ಬಿಟ್ಟು ಯೋಚಿಸಿದವನೇ ಅಲ್ಲ. ರಾಖ್ಮಾನಿನೊವನಂತೆ ಒಮ್ಮೆ ಕೇಳಿದೊಡನೆ ಗುನುಗಿಸುವ ರಾಗಿಣಿಗಳನ್ನು ಆತನು ಕೈಯೆತ್ತಿ ಕೊಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಸಂಕಲ್ಪವು ಪೂರ್ಣವಾಗಲಿಲ್ಲ. ಹದಿನಾಲ್ಕು ಪಿಯಾನೋ ಸೊನಾಟಾಗಳಲ್ಲಿ ಅತ್ಯಂತ ಭವ್ಯವೆನಿಸಿದ ‘ರಾತ್ರಿಯ ಗಾಳಿ’ ಆತನ ಕೈಯಿಂದ ಮುದ್ರಿತವಾಗಲೇ ಇಲ್ಲ. 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ತೀರಿಕೊಂಡ.

ಇಂತಹ ಸಂಪುಟಗಳು ಮರೆತುಹೋದುದೇಕೆ? ಕಾರಣವು ಸಂಗೀತದ ಒಳಗಿಗಿಂತ ಹೊರಗಿದೆ. 1948ರಲ್ಲಿ ಅಮೆರಿಕದಲ್ಲಿ ದೀರ್ಘಕಾಲ ತಿರುಗುವ ಹೊಸ ಪ್ಲೇಟು ಬಂದಿತು; 1952ರಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆಯೂ ಅದನ್ನು ಕೈಗೊಂಡಿತು. ಭಾರವಾದ, ಬಿದ್ದರೆ ಒಡೆಯುವ ಅರಗಿನ ಸಂಪುಟಗಳು ಹುಟ್ಟಿದ ಕೆಲವೇ ವರ್ಷಗಳಲ್ಲಿ ಹಳೆಯ ಸಾಮಾನಾದುವು. 1990ರ ದಶಕದಲ್ಲಿ ಟೆಸ್ಟಮೆಂಟ್ ಎಂಬ ಬ್ರಿಟಿಷ್ ಸಂಸ್ಥೆ ಕನ್ಸರ್ಟೊಗಳನ್ನು ಸಿ.ಡಿ.ಯಲ್ಲಿ ಮರಳಿ ತಂದಮೇಲೆ ಹೊರಗಿನ ರಸಿಕರು ಎಚ್ಚೆತ್ತರು. ಇತ್ತ ಕನ್ನಡನಾಡಿನಲ್ಲಿ ಅವುಗಳನ್ನು ಕಾಯುವ ಶ್ರೋತೃವರ್ಗ ಮೊದಲಿನಿಂದಲೂ ಇರಲಿಲ್ಲ.

ಇಲ್ಲೊಂದು ಆಕ್ಷೇಪಕ್ಕೆ ಎಡೆಯುಂಟು. ಅದನ್ನು ಹಗುರವಾಗಿ ತಳ್ಳಲಾಗದು. ಮೈಸೂರಿನ ಹಣವು ಲಂಡನ್ನಿನ ರಷ್ಯನನೊಬ್ಬನಿಗೆ ಏಕೆ ಸಲ್ಲಬೇಕಾಗಿತ್ತು? ಆಸ್ಥಾನವಿದ್ವಾಂಸರಾದ ವಾಸುದೇವಾಚಾರ್ಯರು ಆಗ ಇದ್ದವರೇ, 1961ರವರೆಗೆ ಬಾಳಿದವರು. ಅವರ ಕೃತಿಗಳೆಲ್ಲವನ್ನೂ ಅವರದೇ ಕಂಠದಲ್ಲಿ ಹಿಡಿದಿಡುವ ಇಂತಹುದೇ ಸಂಪುಟ ಬರಲಿಲ್ಲ. ಅರಮನೆಯು ದೇಶೀಯ ಸಂಗೀತಕ್ಕೆ ಅನ್ನವಿಟ್ಟುದು ನಿಜ. ಮಹಾರಾಜರೇ ಆ ಸಂಪ್ರದಾಯದಲ್ಲಿ ರಚನೆ ಮಾಡಿದರು. ಆದರೂ ಉಳಿಯಬಹುದಾಗಿದ್ದ ಒಂದು ದನಿ ಉಳಿಯದೆ ಹೋದ ನೋವು ನ್ಯಾಯವಾದದ್ದೇ. ಈ ಆಕ್ಷೇಪದಿಂದ ಮೆಟ್ನರ್ ಸಂಪುಟಗಳ ಬೆಲೆ ಕುಗ್ಗುವುದೆ? ಕುಗ್ಗದು, ಹೆಚ್ಚುವುದು. ರಚಿಸಿದವನು ಬದುಕಿರುವಾಗಲೇ ಅವನ ಕೈಯನ್ನು, ಕಂಠವನ್ನು ಹಿಡಿದಿಡಬೇಕೆಂಬ ಪಾಠವನ್ನು ಅವು ಕಲಿಸುತ್ತವೆ. ಒಂದೆಡೆ ಆ ಕೆಲಸ ನಡೆಯಿತು, ಇನ್ನೊಂದೆಡೆ ನಡೆಯಲಿಲ್ಲ. ನಡೆದುದರ ಫಲವೇನೆಂದು ಕಿವಿಯಾರೆ ಕೇಳಿದಾಗಲೇ ನಡೆಯದುದರ ನಷ್ಟವೂ ತಿಳಿಯುವುದು.

ಅರಸರು ಹಣ ಕೊಟ್ಟರೆಂಬ ಅಭಿಮಾನದಿಂದ ಈ ಸಂಪುಟಗಳನ್ನು ಹೊಗಳುವುದು ಬೇಡ. ಅಭಿಮಾನದ ಹೊಗಳಿಕೆಗೆ ಆಯುಸ್ಸು ಕಡಮೆ. ಅವುಗಳಲ್ಲಿರುವ ಸಂಗೀತವು ತಾಳ್ಮೆಯುಳ್ಳ ಕಿವಿಗೆ ತಾನಾಗಿಯೇ ಉತ್ತರ ಕೊಡಬಲ್ಲುದು. ಈಗ ಅರಗಿನ ಪ್ಲೇಟನ್ನು ಹುಡುಕಿ ಅಲೆಯುವ ಕಷ್ಟವೂ ಇಲ್ಲ. ಸಂಜೆ ದೀಪ ಹಚ್ಚಿದ ಮೇಲೆ ವೀಣೆಯೋ ಹಾಡೋ ಕಲಿಯುವ ಮಕ್ಕಳಿರುವ ಕತ್ರಿಗುಪ್ಪೆಯ ಮನೆಗಳಲ್ಲಿ ಒಂದು ದಿನ ಎರಡನೆಯ ಕನ್ಸರ್ಟೊವನ್ನು, ವಾರದ ತರುವಾಯ ಮೂರನೆಯದನ್ನು, ಮಾತಾಡದೆ ಕುಳಿತು ಕೇಳಿದರೆ ಸಾಕು. ರುಚಿಸದಿದ್ದರೆ ಕಾರಣ ಸಹಿತ ತಿರಸ್ಕರಿಸುವ ಹಕ್ಕು ಕೇಳಿದವರಿಗುಂಟು. ಕೇಳದೆ ಮರೆಯುವ ಹಕ್ಕು ಮಾತ್ರ, ಆ ರಸ್ತೆಯಲ್ಲಿ ದಿನವೂ ಓಡಾಡುವವರಿಗೆ, ಇರಲಾರದು.