ಇಷಿರೊ ಹೋಂಡನ ಚಿತ್ರಗಳಲ್ಲಿ ರೌದ್ರವೂ ಕರುಣವೂ

ವಿಜ್ಞಾನವನ್ನಾಶ್ರಯಿಸಿದ ಕಲ್ಪಿತಕಥೆಗಳನ್ನು ಚಲಚ್ಚಿತ್ರಗಳಾಗಿ ರಚಿಸಿ ಲೋಕವಿಖ್ಯಾತರಾದವರಲ್ಲಿ ಜಪಾನ್ ದೇಶದ ಇಷಿರೊ ಹೋಂಡನು (1911-1993) ಒಬ್ಬನು. ಆತನ ಹೆಸರನ್ನು ಕೇಳದವರೂ ಆತನು 1954ರಲ್ಲಿ ತೆರೆಯ ಮೇಲೆ ತಂದ ‘ಗೊಡ್ಜಿಲ್ಲಾ’ ಎಂಬ ಮಹಾಮೃಗವನ್ನು ಬಲ್ಲರು. ಈ ಪ್ರಸಿದ್ಧಿಯೇ ಆತನ ಕೃತಿಗಳ ವಿಮರ್ಶೆಗೆ ಅಡ್ಡಿಯಾಗಿದೆಯೆನ್ನಬಹುದು. ಇವು ಮಕ್ಕಳ ವಿನೋದಕ್ಕಾಗಿ ಹುಟ್ಟಿದ ಬೊಂಬೆಯಾಟಗಳೆಂದು ಕೆಲವರು ತಳ್ಳಿಹಾಕುವರು. ಮೃಗವು ಪರಮಾಣು ಬಾಂಬಿನ ರೂಪಕವೆಂದು ಮತ್ತೆ ಕೆಲವರು ಒಂದೇ ಮಾತಿನಲ್ಲಿ ಮುಗಿಸುವರು. ಈ ಎರಡು ಮತದವರೂ ಮೃಗವನ್ನು ನೋಡುವರೇ ಹೊರತು ಮೃಗದಿಂದ ನೊಂದ ಮನುಷ್ಯರನ್ನು ನೋಡುವುದಿಲ್ಲ. ಹೋಂಡನ ಪ್ರತಿಭೆಯಾದರೋ ನೆಲಸಿರುವುದು ಆ ಮನುಷ್ಯರ ಚಿತ್ರಣದಲ್ಲಿ.

ಹೋಂಡನು ಯಾಮಗಾತ ಪ್ರಾಂತದ ಬೌದ್ಧ ಅರ್ಚಕನೊಬ್ಬನ ಮಗ. ನಿಹೊನ್ ವಿಶ್ವವಿದ್ಯಾನಿಲಯದಲ್ಲಿ ಚಲಚ್ಚಿತ್ರಕಲೆಯನ್ನು ಅಭ್ಯಸಿಸಿ, 1933ರಲ್ಲಿ ಮುಂದೆ ‘ಟೋಹೊ’ ಎಂದು ಹೆಸರಾದ ಸಂಸ್ಥೆಯನ್ನು ಸೇರಿದನು. ಅಲ್ಲಿ ಕಾಜಿರೊ ಯಾಮಾಮೊಟೊ ಎಂಬ ನಿರ್ದೇಶಕನ ಕೈಕೆಳಗೆ ಕೆಲಸ ಕಲಿತವರಲ್ಲಿ ಅಕಿರ ಕುರೊಸಾವನೂ ಈತನೂ ಜೀವನಪರ್ಯಂತ ಸ್ನೇಹಿತರಾಗಿ ಉಳಿದರು. ಆದರೆ ಹೋಂಡನ ಉನ್ನತಿಯ ಕಾಲವನ್ನು ಯುದ್ಧವು ನುಂಗಿತು. ಪದೇಪದೇ ಸೈನ್ಯಕ್ಕೆ ಕರೆಬಂದುದರಿಂದ ಆತನು ಚೀನಾದಲ್ಲಿ ಹಲವು ವರ್ಷಗಳನ್ನು ಕಳೆದು, ಕಡೆಗೆ ಯುದ್ಧಕೈದಿಯಾಗಿ, 1946ರಲ್ಲಿ ಸ್ವದೇಶಕ್ಕೆ ಮರಳುವಾಗ ಹಿರೋಷಿಮಾ ನಗರದ ಅವಶೇಷಗಳನ್ನು ಕಣ್ಣಾರೆ ಕಂಡನು. ಆಮೇಲೆ 1949ರಲ್ಲಿ ಕುರೊಸಾವನ ‘ಬೀದಿ ನಾಯಿ’ ಎಂಬ ಚಿತ್ರಕ್ಕೆ ಪ್ರಧಾನ ಸಹಾಯಕನಾಗಿ ನಿಂತು, ಸೋತ ರಾಜಧಾನಿಯ ಬೀದಿಗಳನ್ನು ಇದ್ದುದಿದ್ದಂತೆ ಸೆರೆಹಿಡಿದನು. ಸ್ವತಂತ್ರವಾಗಿ ಕಥಾಚಿತ್ರವನ್ನು ನಿರ್ದೇಶಿಸುವ ಅವಕಾಶವು ದೊರೆತುದು 1951ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ. ಮುತ್ತಿಗಾಗಿ ಕಡಲಲ್ಲಿ ಮುಳುಗುವ ಹೆಂಗಸರ ಬಾಳನ್ನು ಕುರಿತ ಆ ಚಿತ್ರದಲ್ಲಿ ಅದ್ಭುತವಾದುದು ಯಾವುದೂ ಇಲ್ಲ. ಕಂಡುದನ್ನು ಕಂಡಂತೆ ತೋರಿಸುವ ಈ ಅಭ್ಯಾಸವೇ ಮುಂದೆ ಕಾಣದುದನ್ನು ನಂಬಿಸುವ ಶಕ್ತಿಗೆ ಅಡಿಪಾಯವಾಯಿತು.

1954ನೆಯ ಮಾರ್ಚಿ 1ರಂದು ಅಮೆರಿಕದವರು ಬಿಕಿನಿ ದ್ವೀಪದಲ್ಲಿ ಜಲಜನಕ ಬಾಂಬನ್ನು ಪರೀಕ್ಷಿಸಿದಾಗ, ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನೀ ದೋಣಿಯೊಂದರ 23 ಮಂದಿಯ ಮೇಲೆ ವಿಷದ ಬೂದಿಯು ಸುರಿಯಿತು. ಅವರಲ್ಲೊಬ್ಬನು ಸೆಪ್ಟೆಂಬರಿನಲ್ಲಿ ತೀರಿಕೊಂಡನು. ‘ಗೊಡ್ಜಿಲ್ಲಾ’ ತೆರೆಕಂಡುದು ಅದೇ ವರ್ಷದ ನವೆಂಬರ್ 3ರಂದು. ಹಡಗೊಂದು ಕಡಲ ಮೇಲೆ ಹಠಾತ್ತಾಗಿ ಉರಿದುಹೋಗುವ ಮೊದಲ ದೃಶ್ಯವನ್ನು ಕಂಡ ಜಪಾನೀ ಪ್ರೇಕ್ಷಕನಿಗೆ ಯಾವ ವ್ಯಾಖ್ಯಾನವೂ ಬೇಕಾಗಿರಲಿಲ್ಲ. ಸುಮಾರು 96 ಲಕ್ಷ ಜನರು ಈ ಚಿತ್ರವನ್ನು ನೋಡಿದರೆಂಬ ಲೆಕ್ಕವಿದೆ.

ಇಲ್ಲಿ ಕರ್ತೃತ್ವದ ವಿಭಾಗವನ್ನು ಗಮನಿಸಬೇಕು. ಮೃಗವೇಷವನ್ನು ತೊಟ್ಟ ನಟನನ್ನು ಪುಟ್ಟ ಮಾದರಿಯ ನಗರದಲ್ಲಿ ನಡೆಯಿಸಿದ ಚಮತ್ಕಾರವು ಎಯಿಜಿ ತ್ಸುಬುರಾಯನದು, ಗಂಭೀರವಾದ ಸಂಗೀತವು ಅಕಿರ ಇಫುಕುಬೆಯದು, ಮಾನುಷದೃಶ್ಯಗಳು ಹೋಂಡನವು. ರೌದ್ರದ ಕಾರ್ಯವೇ ಕರುಣವೆಂದು ಭರತಮುನಿಯು ಹೇಳಿರುವನಷ್ಟೆ. ತ್ಸುಬುರಾಯನು ರೌದ್ರವನ್ನು ಒದಗಿಸಿದರೆ ಅದನ್ನು ಕರುಣದಲ್ಲಿ ಪರ್ಯವಸಾನಗೊಳಿಸಿದವನು ಹೋಂಡನು. ಉರಿಯುವ ಬೀದಿಯಲ್ಲಿ ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು, ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮ ತಂದೆಯ ಬಳಿಗೆ ಹೋಗುವೆವೆಂದು ಸಂತೈಸುವಳು. ಮೃಗವು ಕಡಲಿಗೆ ಮರಳಿದ ಕೂಡಲೆ ಕಥೆಯು ಪ್ರತೀಕಾರಕ್ಕೆ ಧಾವಿಸುವುದಿಲ್ಲ; ಗಾಯಾಳುಗಳಿಂದ ತುಂಬಿದ ಆಸ್ಪತ್ರೆಯಲ್ಲಿ ನಿಲ್ಲುವುದು. ಅಲ್ಲಿ ಮಗುವಿನ ಮೈಯ ಬಳಿ ಹಿಡಿದ ವಿಕಿರಣಮಾಪಕವು ಸದ್ದುಮಾಡುವಾಗ ವೈದ್ಯನು ಮಾತಿಲ್ಲದೆ ತಲೆಯಾಡಿಸುವನು. ಮೃಗವು ತೆರೆಯ ಮೇಲೆ ಇಲ್ಲದ ಈ ಭಾಗವೇ ಚಿತ್ರದ ಹೃದಯ.

ಸೆರಿಜಾವನೆಂಬ ವಿಜ್ಞಾನಿಯ ಪಾತ್ರದಲ್ಲಿ ಈ ಕರುಣವು ಧರ್ಮಸಂಕಟವಾಗಿ ಪರಿಣಮಿಸುತ್ತದೆ. ನೀರಿನೊಳಗಣ ಆಮ್ಲಜನಕವನ್ನು ನಾಶಮಾಡಿ ಜೀವರಾಶಿಯನ್ನೆಲ್ಲ ಕೊಲ್ಲುವ ವಸ್ತುವನ್ನು ಆತನು ಕಂಡುಹಿಡಿದಿರುವನು. ಮೃಗವನ್ನು ಕೊಲ್ಲಲು ಅದೊಂದೇ ಉಪಾಯ. ಪ್ರಯೋಗಿಸಿದರೆ ಆ ವಿದ್ಯೆಯು ರಾಜ್ಯಗಳ ಕೈಸೇರುವುದು ಖಂಡಿತ. ಅಶ್ವತ್ಥಾಮನು ಅಸ್ತ್ರವನ್ನು ಬಿಡಬಲ್ಲವನಾಗಿದ್ದನು, ಉಪಸಂಹರಿಸಬಲ್ಲವನಾಗಿರಲಿಲ್ಲ. ಸೆರಿಜಾವನಾದರೋ ಉಪಸಂಹಾರದ ಮಾರ್ಗವನ್ನು ಮೊದಲೇ ನಿಶ್ಚಯಿಸಿ, ತನ್ನ ಬರಹಗಳನ್ನು ಸುಟ್ಟು, ಕಡಲ ತಳದಲ್ಲಿ ಅಸ್ತ್ರದೊಡನೆ ತಾನೂ ಅಳಿಯುತ್ತಾನೆ. ವಾರ್ತಾಪ್ರಸಾರಕನೊಬ್ಬನು ಜಯಘೋಷವನ್ನು ಮಾಡಿದರೂ, ಉಳಿದವರ ಮುಖದಲ್ಲಿ ಶೋಕವಲ್ಲದೆ ಹರ್ಷವಿಲ್ಲ. ಪರೀಕ್ಷೆಗಳು ಮುಂದುವರಿದರೆ ಇಂಥ ಮೃಗವು ಮತ್ತೊಂದೆಡೆ ಏಳಬಹುದೆಂಬ ವೃದ್ಧವಿದ್ವಾಂಸನ ಆತಂಕದಲ್ಲಿ ಚಿತ್ರವು ಮುಗಿಯುತ್ತದೆ. ಮೃಗವನ್ನು ಬಾಂಬಿನ ರೂಪಕವೆನ್ನುವ ಮತಕ್ಕೆ ಇಲ್ಲಿಯೇ ತೊಡಕುಂಟು: ಬಾಂಬಿನಿಂದ ನೆಲೆಗೆಟ್ಟು ಬಂದ ಈ ಪ್ರಾಣಿಯೂ ಒಂದು ಬಲಿಯೇ ಹೌದು.

ಈ ವಾದಕ್ಕೆ ಪ್ರತ್ಯುದಾಹರಣೆಯಿಂದಲೂ ಸಮರ್ಥನೆಯು ದೊರೆಯುತ್ತದೆ. 1956ರಲ್ಲಿ ಅಮೆರಿಕದವರು ಈ ಚಿತ್ರವನ್ನು ಕತ್ತರಿಸಿ, ಪತ್ರಕರ್ತನೊಬ್ಬನ ಪಾತ್ರವನ್ನು ಹೊಸದಾಗಿ ಸೇರಿಸಿ, 96 ನಿಮಿಷಗಳ ಕೃತಿಯನ್ನು ಸುಮಾರು 80 ನಿಮಿಷಗಳಿಗೆ ಇಳಿಸಿದರು. ರೈಲಿನಲ್ಲಿ ಕುಳಿತ ಹೆಂಗಸು ತಾನು ನಾಗಸಾಕಿಯಿಂದ ಪಾರಾಗಿ ಬಂದುದನ್ನು ನೆನೆಯುವ ಮಾತೂ, ಕೊನೆಯ ಎಚ್ಚರಿಕೆಯೂ ಅದರಲ್ಲಿ ಲೋಪವಾದುವು. ಮೃಗವು ಹಾಗೆಯೇ ಉಳಿಯಿತು, ನಗರವೂ ಉರಿಯಿತು. ರಸವು ಮಾತ್ರ ಭಯಾನಕದಲ್ಲಿಯೇ ನಿಂತುಹೋಯಿತು. ಮೂಲಕೃತಿಯು ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ಪ್ರದರ್ಶಿತವಾದುದು 2004ರಲ್ಲಿ. ಅರ್ಧಶತಮಾನದ ಪಾಶ್ಚಾತ್ಯ ವಿಮರ್ಶೆಯ ಬಹುಭಾಗವು ಹೋಂಡನ ಕೃತಿಯನ್ನಲ್ಲ, ಅದರ ಛಿನ್ನರೂಪವನ್ನು ಕುರಿತದ್ದೆಂಬುದನ್ನು ಮರೆಯಲಾಗದು.

ಮುಂದಣ ಚಿತ್ರಗಳಲ್ಲಿ ಹೋಂಡನು ಇಳಿಮುಖನಾದನೆಂಬ ಆಕ್ಷೇಪವುಂಟು. ಜಪಾನಿನಲ್ಲಿ ಗೊಡ್ಜಿಲ್ಲಾ ಮಾಲೆಯಲ್ಲೆಲ್ಲ ಅತ್ಯಧಿಕ ಪ್ರೇಕ್ಷಕರನ್ನು ಸೆಳೆದ 1962ರ ‘ಕಿಂಗ್ ಕಾಂಗ್ ಮತ್ತು ಗೊಡ್ಜಿಲ್ಲಾ’ದಲ್ಲಿ ರೌದ್ರವು ಹಾಸ್ಯಕ್ಕೆ ಆಳಾಯಿತು, ಮೃಗಗಳು ಜಟ್ಟಿಗಳಂತೆ ಸೆಣಸಿದುವು. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಆ ಹಾಸ್ಯದ ಗುರಿಯು ಮೃಗವಲ್ಲ, ಮೃಗವನ್ನು ತನ್ನ ಜಾಹಿರಾತಿಗೆ ಬಳಸಿಕೊಳ್ಳುವ ಔಷಧವ್ಯಾಪಾರಿಯ ದುರಾಶೆ. ಮರುವರ್ಷವೇ ಬಂದ ‘ಮತಾಂಗೊ’ದಲ್ಲಿ, ದ್ವೀಪಕ್ಕೆ ಬಿದ್ದ ಪ್ರಯಾಣಿಕರು ಹಸಿವಿನಿಂದ ಅಣಬೆಯನ್ನು ತಿಂದು ತಾವೇ ಅಣಬೆಗಳಾಗುವರು, ಅಲ್ಲಿ ಹೊರಗಣ ಮೃಗದ ಕೆಲಸವನ್ನು ಮನುಷ್ಯನ ಬಯಕೆಯೇ ಮಾಡುವುದು. ಕುಗ್ಗಿದುದು ದೃಷ್ಟಿಯಲ್ಲ, ಅದಕ್ಕೆ ದೊರೆತ ಅವಕಾಶ.

ಇದಕ್ಕಿಂತ ಗುರುತರವಾದ ನ್ಯೂನತೆಯೊಂದುಂಟು. 1954ರ ಚಿತ್ರದಲ್ಲಿ ಜಪಾನು ಕೇವಲ ನೊಂದವರ ನಾಡು. ಸೆರಿಜಾವನು ಯುದ್ಧದಲ್ಲಿ ಒಂದು ಕಣ್ಣನ್ನು ಕಳೆದುಕೊಂಡವನೆಂದು ಕಥೆಯು ತಿಳಿಸುವುದೇ ಹೊರತು, ಆ ಯುದ್ಧದಲ್ಲಿ ನೆರೆನಾಡುಗಳು ಪಟ್ಟ ಪಾಡನ್ನು ನೆನೆಯುವುದಿಲ್ಲ. ಚೀನಾದಲ್ಲಿ ಸೈನಿಕನಾಗಿದ್ದ ನಿರ್ದೇಶಕನ ಕೃತಿಯಲ್ಲಿ ಈ ಮೌನವು ಅಲ್ಪವಾದುದಲ್ಲ. ಕರುಣವು ತನ್ನವರ ಗಡಿಯಲ್ಲಿ ನಿಂತರೆ ಅದು ಅಪೂರ್ಣವೇ ಸರಿ.

ಹೋಂಡನು 1975ರಲ್ಲಿ ತನ್ನ ಕಡೆಯ ಚಿತ್ರವನ್ನು ನಿರ್ದೇಶಿಸಿದನು. ಆಮೇಲೆ 1980ರ ‘ಕಾಗೆಮುಷ’ದಿಂದ ಮೊದಲ್ಗೊಂಡು ಮರಣದವರೆಗೆ ಹಳೆಯ ಗೆಳೆಯ ಕುರೊಸಾವನಿಗೆ ನೆರವಾಗಿ, ಪ್ರಸಿದ್ಧಿಯನ್ನು ಬದಿಗಿಟ್ಟು ಮತ್ತೊಮ್ಮೆ ಸಹಾಯಕನಾದನು. ಆತನ ಸ್ಥಾನವನ್ನು ನಿರ್ಣಯಿಸುವವರು ಉರುಳಿದ ಕಟ್ಟಡಗಳನ್ನು ಎಣಿಸುವುದಕ್ಕಿಂತ, ಮರುದಿನದ ಬೆಳಗ್ಗೆ ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡುವುದು ಯುಕ್ತ. ಅಳಿವನ್ನು ತೋರಿಸಿದ ಚಿತ್ರಕಾರರು ಅನೇಕರುಂಟು. ಅಳಿವಿನ ಮರುದಿನವನ್ನು ತೋರಿಸಿದವರು ವಿರಳ.